ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ

ಸಿಂಧನೂರು ಭಾಗದಲ್ಲಿ ನಾಟಿ ಮುಗಿದ ಮೇಲೆ ಕೆಲವೇ ವಾರ ಹೆಣ್ಣುಮಕ್ಕಳು ಮನೆಯಲ್ಲಿ ಸಿಗುತ್ತಾರೆ. ಎನ್‌ಸಿಡಿ, ಅಂದರೆ ಬಿಪಿ, ಸಕ್ಕರೆ, ಕ್ಯಾನ್ಸರ್‌ನಂಥ ಅಂಟದ ಕಾಯಿಲೆಗಳ ತಪಾಸಣೆಯಲ್ಲಿ ಬಾಕಿ ಉಳಿದದ್ದನ್ನು ಅಷ್ಟರಲ್ಲೇ ಮುಗಿಸಬೇಕು. ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ಆಶಾ ಕರೆತಂದ ಮೂವತ್ತೆಂಟು ಮಂದಿ ನಮ್ಮ ಆರೋಗ್ಯ ಉಪಕೇಂದ್ರದ ವರಾಂಡದಲ್ಲಿ ಕುಳಿತಿದ್ದರು. ಟ್ಯಾಬ್‌ಗೆ ನೆಟ್‌ವರ್ಕ್ ಇರಲಿಲ್ಲ. ಸಂಜೆ ವಿಸಿಯಲ್ಲಿ, ಅಂದರೆ ಮೇಲಿನವರ ವಿಡಿಯೊ ಸಭೆಯಲ್ಲಿ, ಎಷ್ಟು ಮಂದಿಯದು ಮುಗಿಯಿತೆಂದು ಸಂಖ್ಯೆ ಹೇಳಬೇಕಿತ್ತು.

ಸಾಲಿನಲ್ಲಿ ಐವತ್ತು ದಾಟಿದ ಕೂಲಿಯಾಕೆಯೊಬ್ಬರಿದ್ದರು. ಪಕ್ಕದಲ್ಲಿ ಅತ್ತೆ, ಹಿಂದೆ ನೆರೆಮನೆಯವರು. ನಾನು ತಲೆ ಎತ್ತದೆ ಕೇಳಿದೆ: “ಎದೆಯಲ್ಲಿ ಗಂಟು, ನೋವು ಏನಾದರೂ ಇದೆಯೇ ಅಮ್ಮಾ?”

“ನೋವೇನೂ ಇಲ್ಲ ತಾಯಿ.”

ಗಂಟು ಇಲ್ಲವೆಂದು ಗುರುತು ಹಾಕಿದೆ. ಸ್ತನ ಪರೀಕ್ಷೆಯ ಕಾಲಂನಲ್ಲೂ ‘ಸಾಮಾನ್ಯ’ ಎಂದೇ ತುಂಬಿದೆ. ಕೊಠಡಿಯ ಬಾಗಿಲಿಗೆ ಚಿಲಕವಿರಲಿಲ್ಲ. ಎರಡು ಸಲ ಬರೆದು ಕೇಳಿದರೂ ಪರದೆ ಬಂದಿರಲಿಲ್ಲ. ಅದೆಲ್ಲ ನಿಜ. ಆದರೆ ಕೈಯಿಟ್ಟು ನೋಡದೆ ಬರೆದವಳು ನಾನು.

ಜನವರಿಯಲ್ಲಿ ಆಕೆ ಮೊಮ್ಮಗಳ ಲಸಿಕೆಗೆ ಬಂದರು. ಎಲ್ಲರೂ ಹೋಗುವವರೆಗೆ ಕುಳಿತೇ ಇದ್ದು, ಒಳಗೆ ಬಂದು ತಾವೇ ಬಾಗಿಲು ಮುಂದಕ್ಕೆ ಮಾಡಿದರು. ಎಡ ಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಅದು ಬೆರಳಿಗೆ ಸಿಕ್ಕಿತು. ನಿಂಬೆಹಣ್ಣಿನಷ್ಟಿತ್ತು, ಗಟ್ಟಿ, ಒತ್ತಿದರೂ ಜರುಗುತ್ತಿರಲಿಲ್ಲ. ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ಬಲಗಡೆ ನೋಡಿದೆ, ಕಂಕುಳು ನೋಡಿದೆ, ನನ್ನ ಬೆರಳೇ ತಪ್ಪಿರಲಿ ಎಂದುಕೊಂಡು ಮತ್ತೆ ಎಡಕ್ಕೆ ಬಂದೆ. ತಪ್ಪಿರಲಿಲ್ಲ.

“ಯಾವಾಗಿನಿಂದ?”

“ಹೋದ ಯುಗಾದಿಯಿಂದ. ಆಗ ಕಡಲೆಕಾಳಿನಷ್ಟಿತ್ತು.”

“ಅವತ್ತು ಕೇಳಿದಾಗ ಹೇಳಲಿಲ್ಲವಲ್ಲ ಅಮ್ಮಾ?” ಹಾಗೆ ಕೇಳಬಾರದಿತ್ತು.

“ನೋವಿದೆಯೇ ಎಂದಿರಿ. ಇರಲಿಲ್ಲ. ಈಗಲೂ ಇಲ್ಲ.”

ಆರಂಭದಲ್ಲಿ ಸ್ತನ ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ತರಬೇತಿಯಲ್ಲಿ ನಾನೇ ಬರೆದುಕೊಂಡ ಮಾತು ಅದು. ನೋವಿದ್ದರೂ ಗದ್ದೆ ಬಿಡದವರು ನೋಯದ ಗಂಟಿಗಾಗಿ ಒಂದು ದಿನದ ಕೂಲಿ ಬಿಡುತ್ತಾರೆಯೇ? ಮುಂಬೈಯ ಟಾಟಾ ಸ್ಮಾರಕ ಕೇಂದ್ರದವರು 1998ರಲ್ಲಿ ಆರಂಭಿಸಿ ಒಂದೂವರೆ ಲಕ್ಷ ಮಹಿಳೆಯರಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಇಲ್ಲದೆ, ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದ ಗುಂಪಿನಲ್ಲಿ, 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. ಈಕೆಯದೂ ಅದೇ ವಯಸ್ಸು. ಆ ತರಬೇತಿ ನನಗೂ ಆಗಿತ್ತು.

ರಾಯಚೂರಿಗೆ ರೆಫರ್ ಮಾಡಿ ಜೊತೆಗೆ ಆಶಾಳನ್ನು ಕಳುಹಿಸಿದೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು. ಕಂಕುಳಿನ ಗ್ರಂಥಿಗೂ ಹರಡಿತ್ತು. ಈಗ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರದಲ್ಲಿ ಕೀಮೋ ನಡೆಯುತ್ತಿದೆ.

ಕೊಠಡಿಗೆ ನನ್ನ ಹಳೆಯ ಸೀರೆಯನ್ನೇ ಪರದೆ ಮಾಡಿದ್ದೇನೆ. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತೇನೆ, ಅತ್ತೆಯನ್ನು ಹೊರಗೆ ಕೂರಿಸುತ್ತೇನೆ. ಸ್ನಾನ ಮಾಡುವಾಗ ಕೈಗೆ ಏನಾದರೂ ತಾಗುತ್ತದೆಯೇ ಎಂದು ಮೊದಲು ಕೇಳುತ್ತೇನೆ. ನೋವಿನ ವಿಷಯ ಆಮೇಲೆ, ಬೇರೆಯಾಗಿ. ಬಳಿಕ ಕೈಯಿಟ್ಟು ನೋಡುತ್ತೇನೆ. ಒಬ್ಬರಿಗೆ ಹತ್ತು ನಿಮಿಷ ಬೇಕು. ಕಳೆದ ವಿಸಿಯಲ್ಲಿ, “ದಿನಕ್ಕೆ ಹನ್ನೆರಡೇ ಏಕೆ?” ಎಂದು ಕೇಳಿದರು. “ಹನ್ನೆರಡು ಮಂದಿಯನ್ನೂ ಪರೀಕ್ಷಿಸಿದ್ದೇನೆ ಸರ್” ಎಂದೆ.

ಆ ಹನ್ನೆರಡರಲ್ಲಿ ಮೂವತ್ತೆರಡರ ಒಬ್ಬಾಕೆಗೆ ಗಂಟಿತ್ತು. ಬಹುತೇಕ ಗಂಟುಗಳು ಕ್ಯಾನ್ಸರ್ ಅಲ್ಲ ಎಂದು ಅವರಿಗೆ ನಾನೇ ಧೈರ್ಯ ಹೇಳಿ ಬಸ್ ಹತ್ತಿಸಿದೆ. ವರದಿ ಬರುವವರೆಗೆ ನನಗೆ ನಿದ್ದೆ ಹತ್ತಲಿಲ್ಲ. ಕ್ಯಾನ್ಸರ್ ಅಲ್ಲ ಎಂದು ಸೋಮವಾರ ಬಂತು.