ಒಂದು ‘ಬರ್ತೀನಿ’ಗೆ ಹೋದ ನಲವತ್ತು ನಿಮಿಷ

ಎರಡು ತಿಂಗಳಾಯ್ತು, ಆ ಲೂಪ್ (ಡಬ್ಬಿಂಗ್‌ನಲ್ಲಿ ಒಂದು ಸಲಕ್ಕೆ ರೆಕಾರ್ಡ್ ಮಾಡುವ ತುಣುಕು) ಇನ್ನೂ ಕಿವಿಯಲ್ಲೇ ಇದೆ.

ನಾನು ಮುಂಬೈನ ಅಂಧೇರಿಯಲ್ಲಿ ಮರಾಠಿ, ಹಿಂದಿ ಸರಣಿಗಳಿಗೆ ಕನ್ನಡ ಡಬ್ಬಿಂಗ್ ಸಂಭಾಷಣೆ ಬರೆಯುತ್ತೇನೆ. ಆವತ್ತು ಒಂದು ಮರಾಠಿ ಸರಣಿಯ ಕೊನೆಯ ಕಂತು. ಮಗಳು ಮನೆ ಬಿಟ್ಟು ಹೊರಟಿದ್ದಾಳೆ, ಅಮ್ಮ ದಾದರ್ ಸ್ಟೇಷನ್‌ವರೆಗೂ ಬಂದಿದ್ದಾಳೆ. ಹೋಗಲೋ ಬೇಡವೋ ಎಂದು ಐದು ಕಂತು ಒದ್ದಾಡಿದವಳು ರೈಲಿನ ಬಾಗಿಲಲ್ಲಿ ನಿಂತು ಇಷ್ಟೇ ಹೇಳುತ್ತಾಳೆ: ‘ಜಾತೆ ಮೀ.’ ಅಂದರೆ, ಹೋಗ್ತೀನಿ ನಾನು. ನಾನು ಬರೆದದ್ದು ‘ಬರ್ತೀನಿ’.

ಹೊರಡುವಾಗ ‘ಹೋಗ್ತೀನಿ’ ಅಂದರೆ ನಮ್ಮಜ್ಜಿ ಹೊಸ್ತಿಲಲ್ಲೇ ನಿಲ್ಲಿಸಿ, ‘ಬಿಡ್ತು ಅನ್ನು, ಬರ್ತೀನಿ ಅನ್ನು’ ಎಂದು ತಿದ್ದುತ್ತಿದ್ದರು. ಅದು ಕೈಗೇ ಅಂಟಿಬಿಟ್ಟಿದೆ. ಹೆಸರುಗಳನ್ನೂ ಮತ್ತೆ ಮತ್ತೆ ಬರುವ ಮಾತುಗಳನ್ನೂ ಹೇಗೆ ಅನುವಾದಿಸಬೇಕೆಂದು ಬರೆದಿಡುವ ಕೆಎನ್‌ಪಿ ಶೀಟ್‌ನಲ್ಲೂ ಮೊದಲ ಕಂತಿನಿಂದ ಅದನ್ನೇ ಹಾಕಿದ್ದೆ. ಯೋಚಿಸಲೇ ಇಲ್ಲ.

ರೆಕಾರ್ಡಿಂಗ್‌ನಲ್ಲಿ ಲಿಪ್ ಕೂರಲಿಲ್ಲ. ಪರದೆ ತುಂಬ ಅವಳ ಮುಖ. ‘ಜಾ’ ಎನ್ನುವಾಗ ಬಾಯಿ ಪೂರ್ತಿ ತೆರೆದಿದೆ, ನಮ್ಮ ‘ಬ’ಗೆ ತುಟಿ ಮುಚ್ಚಲೇಬೇಕು. ಎಂಟೂ ಇಪ್ಪತ್ತು. ಒಂಬತ್ತಕ್ಕೆ ಶಿಫ್ಟ್ ಮುಗಿಯಬೇಕು, ರಾತ್ರಿಯೇ ಮಿಕ್ಸ್‌ಗೆ ಹೋಗಬೇಕು. ನಾಲ್ಕು ಫ್ರೇಮ್ ಹಿಂದಕ್ಕೆ ಸರಿಸಿ ಎಂದೆ. ಆಗಲಿಲ್ಲ. ಮಗಳ ಪಾತ್ರದ ಹುಡುಗಿಗೆ ‘ಬ’ ಸ್ವಲ್ಪ ನುಂಗಿಬಿಡು ಎಂದೆ. ಹನ್ನೊಂದನೇ ಟೇಕ್‌ಗೆ ಅವಳ ದನಿ ಒಡೆಯಿತು, ನಾನು ಅವಳ ಮೇಲೇ ರೇಗಿದೆ. ಅದು ತಪ್ಪು. ಆಮೇಲೆ ಕ್ಷಮೆ ಕೇಳಿದೆ, ಆದರೂ ಆಗ ಅವಳು ತಲೆ ತಗ್ಗಿಸಿ ಹೆಡ್‌ಫೋನ್ ಸರಿಮಾಡಿಕೊಂಡದ್ದು ಮರೆಯೋಕೆ ಆಗ್ತಿಲ್ಲ.

ಅಮ್ಮನ ಪಾತ್ರ ಮಾಡುವವರು ಧಾರವಾಡ ಕಡೆಯ ಹಿರಿಯರು, ಡೊಂಬಿವಲಿಯಲ್ಲಿದ್ದಾರೆ. ಅಲ್ಲಿಯವರೆಗೆ ಸುಮ್ನೆ ಕೂತಿದ್ದವರು ಕೇಳಿದರು: ‘ತಮ್ಮಾ, ಇಕಿ ಹೊಳ್ಳಿ ಬರೂದಿಲ್ಲ, ಹೌದಲ್ಲೋ? ಬರ್ತೀನಿ ಅಂದ್ರ ಮತ್ತ ನಾ ಯಾಕ ಅಳಬೇಕು?’

ನಾನು ವಾದಕ್ಕಿಳಿದೆ. ‘ಅಕ್ಕಾ, ನಮ್ಮಲ್ಲಿ ಯಾರು ಹೋಗ್ತೀನಿ ಅಂತಾರೆ?’

‘ಮರಾಠ್ಯಾಗರ ಯಾರ್ ಜಾತೆ ಅಂತಾರ?’

ಅಷ್ಟೇ. ಮರಾಠಿಯವರೂ ಹೊರಡುವಾಗ ‘ಯೇತೆ’ ಎನ್ನುತ್ತಾರೆ, ಅಂದರೆ ಬರ್ತೀನಿ. ನಾಲ್ಕು ಕಂತುಗಳಲ್ಲಿ ಮಗಳು ಹೊರಗೆ ಹೊರಟಾಗಲೆಲ್ಲ ಹೇಳಿದ್ದು ಅದೇ. ಈ ಒಂದು ಸಲ ಮಾತ್ರ ‘ಜಾತೆ’. ಅವಳ ತೀರ್ಮಾನ ಪೂರ್ತಿ ಆ ಒಂದು ಮಾತಿನಲ್ಲಿತ್ತು, ಅದನ್ನೇ ನಾನು ಶಿಷ್ಟಾಚಾರ ಎಂದುಕೊಂಡು ಅಳಿಸಿಹಾಕಿದ್ದೆ.

ಇಂಥ ದೃಶ್ಯಗಳು ಗೊತ್ತಿಲ್ಲದವನೇನಲ್ಲ ನಾನು. 1945ರ ಇಂಗ್ಲಿಷ್ ಸಿನಿಮಾ ‘ಬ್ರೀಫ್ ಎನ್‌ಕೌಂಟರ್’ನ ಕೊನೆಯ ಭೇಟಿಯಲ್ಲಿ ಪರಿಚಯದವಳೊಬ್ಬಳು ನಡುವೆ ಬಂದು ಹರಟುತ್ತಾ ಕೂರುತ್ತಾಳೆ. ವಿದಾಯ ಹೇಳೋಕೂ ಆಗದೆ ನಾಯಕ ನಾಯಕಿಯ ಭುಜದ ಮೇಲೆ ಕೈಯಿಟ್ಟು ಎದ್ದು ಹೋಗುತ್ತಾನೆ. 1995ರ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ಯ ಕೊನೆಯ ದೃಶ್ಯ ನಮ್ಮ ಪನ್ವೇಲ್ ಹತ್ತಿರದ ಆಪ್ಟಾ ಸ್ಟೇಷನ್‌ನಲ್ಲಿ ತೆಗೆದದ್ದು. ಅಲ್ಲೂ ಎಲ್ಲ ನಿಂತಿರುವುದು ಅಪ್ಪ ಮಗಳ ಕೈ ಬಿಡುವುದರ ಮೇಲೆ. ರೈಲು ಹೊರಟಾಗ ಜಾಸ್ತಿ ಮಾತಿಗೆ ಜಾಗ ಇರಲ್ಲ, ಇರೋ ಒಂದನ್ನು ಕೆಡಿಸಿದರೆ ಮುಗೀತು.

‘ಹೋಗ್ತೀನಮ್ಮ’ ಎಂದು ಬದಲಿಸಿದೆ. ‘ಮೀ’ಗೆ ತುಟಿ ಮುಚ್ಚುವಲ್ಲಿ ‘ಮ್ಮ’ ಸರಿಯಾಗಿ ಬಂದು ಕೂತಿತು. ಎರಡನೇ ಟೇಕ್ ಓಕೆ. ಅಕ್ಕನ ಅಳು ಒಂದೇ ಟೇಕ್. ಆಗ ಸಮಯ ಒಂಬತ್ತು.

ಕಂತು ಕಂತಾಗಿ ವಿಡಿಯೊ ಕಳಿಸುವ ಪದ್ಧತಿ ನಿಲ್ಲಿಸಿ, ಕೊನೆಯ ಕಂತು ನೋಡದೆ ಮೊದಲನೆಯದು ಬರೆಯೋಕಾಗಲ್ಲ ಎಂದು ಕೋಆರ್ಡಿನೇಟರ್‌ಗೆ ಮೂರು ಸಲ ಮೇಲ್ ಹಾಕಿದ್ದೇನೆ. ಸೆಕ್ಯೂರಿಟಿ ಕಾರಣ, ಆಗಲ್ಲ ಅಂತಾರೆ. ನಾಲ್ಕನೇ ಸಲವೂ ಹಾಕ್ತೀನಿ. ಶೀಟ್‌ನಲ್ಲಿ ಮಾತ್ರ ಆವತ್ತೇ ಒಂದು ಸಾಲು ಸೇರಿಸಿದೆ: ‘ಯೇತೆ – ಬರ್ತೀನಿ. ಜಾತೆ – ಅಕ್ಕನನ್ನು ಕೇಳು.’