ಅಪ್ಪನ ತಲೆಯಲ್ಲಿ ಎರಡು ಇಡ್ಲಿ

ಮೂರು ವಾರ ಒದ್ದಾಡಿ ಅಪ್ಪನ ಎಲ್‌ಜಿಎನ್, ಅಂದರೆ ಕಣ್ಣಿನ ಸುದ್ದಿಯನ್ನು ಮಿದುಳಿನ ಹಿಂಭಾಗಕ್ಕೆ ದಾಟಿಸುವ ಪುಟ್ಟ ಗಂಟಿನ, 3ಡಿ ಪ್ರಿಂಟ್ ತೆಗೆದೆ. ಹತ್ತು ಪಟ್ಟು ದೊಡ್ಡದು ಮಾಡಿ, ಬಿಳಿ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ. ಇಡ್ಲಿ ಮೇಲೆ ಇಡ್ಲಿ ಇಟ್ಟ ಹಾಗಿದೆ.

ತಪ್ಪು ಪ್ರಿಂಟರ್‌ದಲ್ಲ. ಹೋದ ವರ್ಷ ತಲೆಸುತ್ತು ಅಂತ ತೆಗೆಸಿದ್ದ ಎಂಆರ್‌ಐ ಅದು. ಸ್ಕ್ಯಾನ್ ಸೆಂಟರ್‌ನವರು ಮೊದಲು ಸಿಡಿಯಲ್ಲಿ ಬರೀ ಜೆಪೆಗ್ ತುಂಬಿ ಕೊಟ್ಟಿದ್ದರು. ಸ್ಕ್ಯಾನಿನ ಮೂಲ ಫೈಲು, ಡೈಕಾಂ ಬೇಕು ಎಂದರೆ, ‘ಫಿಲ್ಮ್ ಇದೆಯಲ್ಲ ಸಾರ್, ಸಾಕಲ್ವಾ?’ ಎರಡು ಸಲ ಅಲೆದ ಮೇಲೆ ಸಿಕ್ಕಿತು. ತೆರೆದು ನೋಡಿದರೆ ಸ್ಲೈಸ್ ದಪ್ಪ 5 ಮಿ.ಮೀ.! ಎಲ್‌ಜಿಎನ್ ಇರುವುದೇ ತೊಗರಿಕಾಳಿನಷ್ಟು. ಒಂದೋ ಎರಡೋ ಸ್ಲೈಸ್‌ಗೆ ಮುಗಿದೇಹೋಯಿತು.

ಅಪ್ಪನಿಗೆ ಗ್ಲಾಕೋಮಾ. ಈ ಕಣ್ಣಿನ ಕಾಯಿಲೆಯಲ್ಲಿ ರೆಟಿನಾದ ಗ್ಯಾಂಗ್ಲಿಯನ್ ಕೋಶಗಳು ಸತ್ತರೆ ಅವುಗಳ ಎಳೆಗಳೂ ಎಲ್‌ಜಿಎನ್‌ವರೆಗೆ ಒಣಗುತ್ತವೆ. ಕಾಲುವೆ ಬತ್ತಿದರೆ ತುದಿಯ ಗದ್ದೆಯೂ ಸೊರಗುತ್ತದೆ ಅಲ್ವಾ? ಹಾಗೇ ಎಲ್‌ಜಿಎನ್ ಕುಗ್ಗುತ್ತದೆ, ಹಿಂದೆ ದೃಷ್ಟಿಯ ಕಾರ್ಟೆಕ್ಸ್ ತೆಳುವಾಗುತ್ತದೆ. ಅಪ್ಪನದು ಎಷ್ಟು ಕುಗ್ಗಿದೆ ಅಂತ ಅಳೆಯುವ ಹುಚ್ಚು ನನಗೆ.

ಸರಿ, ಕೈ ಪಳಗಲಿ ಅಂತ 1 ಮಿ.ಮೀ. ವಾಕ್ಸೆಲ್‌ನ (ಸ್ಕ್ಯಾನ್ ಚಿತ್ರದ ಪುಟ್ಟ ಘನ ಚುಕ್ಕೆ) ಮುಕ್ತ ಡೇಟಾ ಹಿಡಿದೆ. ಐಟಿಕೆ-ಸ್ನ್ಯಾಪ್ ಸಾಫ್ಟ್‌ವೇರ್‌ನಲ್ಲಿ ಒಂದೇ ಎಲ್‌ಜಿಎನ್ ಮೂರು ಸಲ ಗೆರೆ ಎಳೆದೆ. 96, 121, 138 ಘನ ಮಿ.ಮೀ. ಬಂತು. ಮೂರು ದಿನದಲ್ಲಿ ಮೂರು ಮಿದುಳು! ಕಾಗದ ತಗೊಂಡು ಲೆಕ್ಕ ಹಾಕಿದಾಗ ಗೊತ್ತಾಯಿತು. 5×5×4ರ ಡಬ್ಬಿಯಲ್ಲಿ 100 ವಾಕ್ಸೆಲ್. ಅದರಲ್ಲಿ ಒಳಗಿರುವುದು 18 ಮಾತ್ರ, ಉಳಿದ 82 ಅಂಚಿನವು. ನನ್ನ ಮೌಸ್ ಒಂದು ಚೂರು ನಡುಗಿದರೂ ಕಾಯಿಲೆ ಬಂದು ಹೋಗುತ್ತದೆ. ವಯಸ್ಸಾದಂತೆ ಎಲ್‌ಜಿಎನ್ ಹೇಗೂ ಚಿಕ್ಕದಾಗುತ್ತದೆ, ಅದು ಬೇರೆ ತಲೆನೋವು.

ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಎಲ್‌ಜಿಎನ್ ಅಂಚು ಮಸುಕು. ಪ್ರೋಟಾನ್ ಡೆನ್ಸಿಟಿ ಎಂಬ ಇನ್ನೊಂದು ಬಗೆಯ ಚಿತ್ರ ಹಲವು ಸಲ ತೆಗೆದು ಸರಾಸರಿ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಅದನ್ನೇ ತೆಗೆಸೋಣ್ವಾ ಅಂತ ಕಣ್ಣಿನ ಡಾಕ್ಟರನ್ನು ಕೇಳಿದೆ. ನಕ್ಕರು. ‘ರೆಟಿನಾದ ಪದರ ಅಳೆಯೋಕೆ ಒಸಿಟಿ, ನೋಟದ ವ್ಯಾಪ್ತಿಗೆ ಫೀಲ್ಡ್ ಟೆಸ್ಟ್ ಇವೆ. ನಿಮ್ಮ ಹವ್ಯಾಸಕ್ಕೆ ಅವರನ್ನು ಯಾಕೆ ಆ ಕೊಳವೆಯೊಳಗೆ ಮಲಗಿಸ್ತೀರಿ?’ ನ್ಯಾಯವೇ.

ಅದಕ್ಕೇ ಈಗ ಮೇಯರ್ಸ್ ಲೂಪ್ ಕಡೆ, ಅಂದರೆ ಎಲ್‌ಜಿಎನ್‌ನಿಂದ ಹೊರಟ ಎಳೆಗಳು ಬಳಸಿ ತಿರುಗುವ ಜಾಗದ ಕಡೆ, ಕಣ್ಣು ಹಾಕಿದ್ದೇನೆ. ಎಳೆಗಳ ದಾರಿ ಹುಡುಕುವ ಎಂಆರ್‌ಟ್ರಿಕ್ಸ್ ಸಾಫ್ಟ್‌ವೇರ್‌ನಲ್ಲಿ ಎಳೆಗಳು ಆ ತಿರುವಿಗೆ ಬಂದೊಡನೆ, ಚಾರ್ಮಾಡಿ ಘಾಟಿಯಲ್ಲಿ ಬ್ರೇಕ್ ಹೋದ ಲಾರಿಯಂತೆ ನೇರ ನುಗ್ಗುತ್ತವೆ. ಇದನ್ನು ಪ್ರಿಂಟ್ ಮಾಡಲು ಪಾರದರ್ಶಕ ರೆಸಿನ್‌ಗೆ ಆರ್ಡರ್ ಹಾಕಿ ಹನ್ನೊಂದು ದಿನ. ಟ್ರ್ಯಾಕಿಂಗ್‌ನಲ್ಲಿ ಇನ್ನೂ ‘ನಾಳೆ ಬರುತ್ತದೆ’ ಅಂತಲೇ ಇದೆ.

ಅಪ್ಪ ಪ್ರಿಂಟನ್ನು ಬೆಳಕಿಗೆ ಹಿಡಿದು, ಓರೆಗಣ್ಣಲ್ಲಿ ನೋಡಿ, ಚಟ್ನಿ ಎಲ್ಲಿ ಅಂದರು.