ಸೀರಿಯಲ್ ಪ್ರೋಮೋಗೂ ಮಾರ್ಕ್ಸಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಇಂಗ್ಲೆಂಡಿನಲ್ಲಿ ಮೀಡಿಯಾ ಸ್ಟಡೀಸ್ ಪಾಠ ಮಾಡುತ್ತೇನೆ ಅಂದರೆ ಸಾಕು, ಊರಿನ ನೆಂಟರಿಂದ ಹಿಡಿದು ಇಲ್ಲಿನ ಯುಗಾದಿ ಊಟದಲ್ಲಿ ಪಕ್ಕ ಕೂತವರವರೆಗೆ ಎಲ್ಲರೂ ಕೇಳುವುದು ಒಂದೇ. "ಹುಡುಗರ ಕೈಲಿ ಹೊಸ ಸೀರಿಯಲ್‌ಗೆ ಪ್ರೋಮೋ ಮಾಡಿಸಿ ಮಾರ್ಕ್ಸ್ ಕೊಡ್ತೀರಂತೆ, ಹೌದಾ? ಅದನ್ನ ಹೇಗೆ ಅಳೀತೀರಿ?" ಗಣಿತವಾದರೆ ಉತ್ತರ ಸರಿ ಇರುತ್ತೆ, ಇಲ್ಲ ತಪ್ಪಿರುತ್ತೆ. ಇಲ್ಲಿ ಮೇಷ್ಟ್ರಿಗೆ ಹಿಡಿಸಿದರೆ ಮಾರ್ಕ್ಸು, ಹಿಡಿಸದಿದ್ದರೆ ಇಲ್ಲ ಅನ್ನುವ ಅನುಮಾನ ಅವರಿಗೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಎ ಲೆವೆಲ್ ಅಂದರೆ ಹೆಚ್ಚುಕಡಿಮೆ ನಮ್ಮ ಪಿಯುಸಿ. ಓಸಿಆರ್ ಅನ್ನುವ ಪರೀಕ್ಷಾ ಮಂಡಳಿ 2008ರಲ್ಲಿ ಶುರು ಮಾಡಿದ ಮೀಡಿಯಾ ಪಠ್ಯದಲ್ಲಿ ಎರಡನೇ ವರ್ಷದ ಪ್ರಾಜೆಕ್ಟಿಗೆ ಹಲವು ಆಯ್ಕೆಗಳಿದ್ದವು. ಅದರಲ್ಲಿ ಒಂದು, ಹೊಸ ಸೋಪ್ ಒಪೆರಾಗೆ ಪ್ರಚಾರ. ಇಲ್ಲಿ ಧಾರಾವಾಹಿಗೆ ಸೋಪ್ ಅನ್ನುತ್ತಾರೆ. ಇಲ್ಲದ ಧಾರಾವಾಹಿಯೊಂದನ್ನು ಕಲ್ಪಿಸಿಕೊಂಡು ಟಿವಿ ಟ್ರೈಲರ್ ಮಾಡಬೇಕು. ಅದರ ಜೊತೆ ವೆಬ್‌ಸೈಟಿನ ಮೊದಲ ಪುಟ, ಟಿವಿ ಕಾರ್ಯಕ್ರಮಗಳ ವಾರಪತ್ರಿಕೆಯ ಮುಖಪುಟ, ಪೋಸ್ಟರ್, ಈ ಮೂರರಲ್ಲಿ ಎರಡು. ಒಟ್ಟು 100 ಅಂಕ: ತಯಾರಿ ಮತ್ತು ಸಂಶೋಧನೆಗೆ 20, ಟ್ರೈಲರಿಗೆ 40, ಉಳಿದ ಎರಡಕ್ಕೆ ತಲಾ 10, ಕೊನೆಗೆ ವಿದ್ಯಾರ್ಥಿಯೇ ತನ್ನ ಕೆಲಸವನ್ನು ವಿಮರ್ಶಿಸಿಕೊಳ್ಳುವುದಕ್ಕೆ 20. ಅಂಕ ಕೊಡುವುದು ನಾವೇ. ಆದರೆ ಮಂಡಳಿಯವರು ಮಾದರಿ ತರಿಸಿಕೊಂಡು ನಮ್ಮ ಅಂಕಗಳನ್ನೇ ಪರಿಶೀಲಿಸುತ್ತಾರೆ. ಹಾಗಾಗಿ ಸುಮ್ನೆ ಇಷ್ಟಪಟ್ಟು ಕೊಡೋಕಾಗಲ್ಲ.

ಅಳೆಯುವುದು ಹೇಗೆ? ನಾನು ಟ್ರೈಲರ್ ನೋಡಿ ಮೊದಲು ಕೇಳಿಕೊಳ್ಳುವುದು ಇಷ್ಟೇ: ಇದು ನನ್ನನ್ನು ಒಂದು ಸಲ ಕರೆಯುತ್ತಿದೆಯೋ, ದಿನಾ ಬಾ ಅನ್ನುತ್ತಿದೆಯೋ?

ಹುಡುಗರು ತರುವ ಟ್ರೈಲರ್‌ಗಳಲ್ಲಿ ಬಹುಪಾಲು ಸಿನಿಮಾ ಟ್ರೈಲರ್‌ಗಳೇ. ಕತ್ತಲ ಕಾಡಿನಲ್ಲಿ ಯಾರೋ ಓಡುತ್ತಾರೆ. ಪಿಯಾನೋ ಒಂದೊಂದೇ ಸ್ವರ ನುಡಿಯುತ್ತೆ. ಕೈಯಲ್ಲಿ ರಕ್ತ. ಕಪ್ಪು ಪರದೆ. "ಸತ್ಯ ಹೊರಬರಲಿದೆ" ಅಂತ ಅಕ್ಷರ. ನೋಡೋಕೆ ಚೆನ್ನಾಗೇ ಇರುತ್ತೆ, ಕ್ಯಾಮೆರಾ ಕೆಲಸವೂ ಅಚ್ಚುಕಟ್ಟು. ಆದರೆ ಆ ಸತ್ಯ ಹೊರಬಂದ ಮೇಲೆ ಮುಂದೇನು? ಸೋಪಿಗೆ ಮುಂದಿನ ವಾರ ಇದೆ, ಮುಂದಿನ ವರ್ಷವೂ ಇದೆ. ಇಲ್ಲಿನ ಕೊರೊನೇಷನ್ ಸ್ಟ್ರೀಟ್ ಅನ್ನುವ ಸೋಪ್ ಶುರುವಾದದ್ದು 1960ರ ಡಿಸೆಂಬರ್‌ನಲ್ಲಿ, ಇನ್ನೂ ಮುಗಿದಿಲ್ಲ. ಎಮರ್‌ಡೇಲ್ 1972ರದ್ದು, ಈಸ್ಟ್‌ಎಂಡರ್ಸ್ 1985ರದ್ದು, ಹಾಲಿಓಕ್ಸ್ 1995ರದ್ದು.

ಆ ಹೆಸರುಗಳನ್ನೇ ನೋಡಿ. ಒಂದು ಬೀದಿ, ಒಂದು ಹಳ್ಳಿ, ಲಂಡನ್ನಿನ ಪೂರ್ವ ಭಾಗದ ಜನ, ಒಂದು ಬಡಾವಣೆ. ನಮ್ಮಲ್ಲಿ ಪುಟ್ಟಗೌರಿ, ಲಕ್ಷ್ಮಿ, ಕಮಲಿ ಅಂತ ಹೆಣ್ಣುಮಗಳ ಹೆಸರಿಡುತ್ತಾರೆ. ಆ ಹುಡುಗಿಯ ಬಾಳು ಒಂದು ದಡ ಸೇರಿದರೆ ಧಾರಾವಾಹಿಯೂ ಮುಗಿಯುತ್ತೆ. ಇಲ್ಲಿನವರು ಊರಿನ ಹೆಸರಿಡುತ್ತಾರೆ. ಊರು ಮುಗಿಯಲ್ಲ, ಅಲ್ವಾ? ಪಾತ್ರಗಳು ಸಾಯಬಹುದು, ನಟರು ಬಿಟ್ಟು ಹೋಗಬಹುದು, ಬೀದಿ ಅಲ್ಲೇ ಇರುತ್ತೆ. ಈಸ್ಟ್‌ಎಂಡರ್ಸ್ ಆರಂಭದಲ್ಲಿ ಮೇಲಿನಿಂದ ಕಾಣುವ ಥೇಮ್ಸ್ ನದಿ, ಸುತ್ತ ಲಂಡನ್. ಒಂದೇ ಒಂದು ಮುಖ ಇಲ್ಲ. ಹಾಗಾಗಿ ಸೋಪ್ ಟ್ರೈಲರ್ ಮಾರಬೇಕಾದದ್ದು ಕಥೆಗಿಂತ ಜಾಸ್ತಿ ಊರನ್ನ. ಅಲ್ಲಿ ಯಾರಿಗೂ ಯಾರೂ ಅಪರಿಚಿತರಲ್ಲ, ಯಾರ ಗುಟ್ಟೂ ಬಹಳ ದಿನ ಉಳಿಯಲ್ಲ ಅನ್ನುವುದು ನೋಡುವವರಿಗೆ ಒಂದು ನಿಮಿಷದೊಳಗೆ ಗೊತ್ತಾಗಬೇಕು. ಪಬ್ಬು, ಅಂಗಡಿ, ಬಟ್ಟೆ ಒಗೆಯುವ ಲಾಂಡ್ರೆಟ್, ಇವು ಕಥೆಯಲ್ಲಿ ಇರುವುದೇ ಅದಕ್ಕೆ. ಪಾತ್ರಗಳು ಒಬ್ಬರಿಗೊಬ್ಬರು ಎದುರಾಗಲು ಜಾಗ ಬೇಕಲ್ಲ.

ಕಾಡಿನ ರಕ್ತಕ್ಕೆ ಇನ್ನೊಂದು ತೊಂದರೆ ಇದೆ. ಬ್ರಿಟನ್ನಿನಲ್ಲಿ ರಾತ್ರಿ 9ಕ್ಕೆ ಮೊದಲು ಮಕ್ಕಳು ನೋಡಬಾರದ್ದನ್ನು ತೋರಿಸುವಂತಿಲ್ಲ. ಸೋಪ್‌ಗಳು ಬರುವುದು ಸಂಜೆ 7, 8ರ ಹೊತ್ತಿಗೆ. ಅದರ ಟ್ರೈಲರ್ ಹಗಲಿಡೀ ಬರುತ್ತೆ. ಹೀಗಿರುವಾಗ ಚಾಕು ಇರಿಯುವುದನ್ನು ಹತ್ತಿರದಿಂದ ತೋರಿಸಿದ ಟ್ರೈಲರ್ ಟಿವಿಯಲ್ಲಿ ಬರುವುದೇ ಇಲ್ಲ. ಟಿವಿಯಲ್ಲಿ ಬರದ ಟ್ರೈಲರಿಗೆ 40ಕ್ಕೆ 38 ಕೊಡೋದು ಹೇಗೆ?

ವಾರಪತ್ರಿಕೆಯ ಮುಖಪುಟದಲ್ಲಿ ಇನ್ನೂ ಮಜಾ ಇದೆ. ರೇಡಿಯೋ ಟೈಮ್ಸ್ 1923ರಿಂದ ಬರುತ್ತಿರುವ ಪತ್ರಿಕೆ. 1991ರವರೆಗೆ ಅದರಲ್ಲಿ ಬಿಬಿಸಿ ಕಾರ್ಯಕ್ರಮಗಳ ವೇಳಾಪಟ್ಟಿ ಮಾತ್ರ ಇರುತ್ತಿತ್ತು. ಖಾಸಗಿ ಚಾನೆಲ್ ಐಟಿವಿಯದ್ದು ಬೇಕಾದರೆ ಟಿವಿ ಟೈಮ್ಸ್ ಕೊಳ್ಳಬೇಕಿತ್ತು. ಈಗ ಎಲ್ಲದರಲ್ಲೂ ಎಲ್ಲಾ ಚಾನೆಲ್ ಇದೆ. ಅಂದಮೇಲೆ ಆ ಮುಖಪುಟ ನಿಮ್ಮ ಸೋಪಿನ ಪೋಸ್ಟರ್ ಅಲ್ಲ. ನಿಮ್ಮ ನಟಿಯ ಮುಖ ದೊಡ್ಡದಾಗಿರಲಿ, ಆದರೆ ಪಕ್ಕದಲ್ಲಿ ಅಡುಗೆ ಸ್ಪರ್ಧೆ, ಫುಟ್‌ಬಾಲ್, ವನ್ಯಜೀವಿ ಕಾರ್ಯಕ್ರಮ ಇವುಗಳ ಸಾಲುಗಳೂ ಬೇಕು. ದಿನಾಂಕ ಶನಿವಾರದಿಂದ ಶುಕ್ರವಾರದವರೆಗೆ ಇರಬೇಕು, ಇಲ್ಲಿನ ಟಿವಿ ವಾರ ನಡೆಯುವುದೇ ಹಾಗೆ. ಹುಡುಗರು ಎಲ್ಲಾ ಸಾಲಿನಲ್ಲೂ ತಮ್ಮ ಸೋಪಿನದ್ದೇ ಸುದ್ದಿ ತುಂಬಿ, ಮೇಲೆ "ಮಾರ್ಚ್ ಸಂಚಿಕೆ" ಅಂತ ಬರೆದಿರುತ್ತಾರೆ. ಆ ಒಂದು ಸಾಲು ನೋಡಿದರೆ ಸಾಕು, ಅಂಗಡಿಗೆ ಹೋಗಿ ಒಂದು ಪ್ರತಿಯನ್ನೂ ಕೈಯಲ್ಲಿ ಹಿಡಿದು ನೋಡಿಲ್ಲ ಅಂತ ಗೊತ್ತಾಗುತ್ತೆ. ಅಲ್ಲಿಗೆ ಸಂಶೋಧನೆಯ 20ರಲ್ಲೂ ಕತ್ತರಿ.

ಕೊನೆಯ 20 ಅಂಕಕ್ಕೆ ನಾಲ್ಕು ಪ್ರಶ್ನೆ ಇದ್ದವು. ನಿಜವಾದ ಟ್ರೈಲರ್, ಪೋಸ್ಟರ್‌ಗಳ ರೂಢಿಯನ್ನು ನೀವು ಎಲ್ಲಿ ಪಾಲಿಸಿದಿರಿ, ಎಲ್ಲಿ ಬೆಳೆಸಿದಿರಿ, ಎಲ್ಲಿ ಮುರಿದಿರಿ? ಟ್ರೈಲರೂ ಉಳಿದೆರಡೂ ಒಟ್ಟಿಗೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ? ನೋಡಿದವರ ಅಭಿಪ್ರಾಯದಿಂದ ಏನು ಕಲಿತಿರಿ? ತಂತ್ರಜ್ಞಾನವನ್ನು ಹೇಗೆ ಬಳಸಿದಿರಿ?

ನಾಲ್ಕನೆಯದಕ್ಕೆ ಸಾಫ್ಟ್‌ವೇರ್‌ಗಳ ಪಟ್ಟಿ ಬರುತ್ತೆ, ಅದನ್ನು ಬಿಡಿ. ಮೂರನೆಯದಕ್ಕೆ ಬರುವ ಉತ್ತರ "ಎಲ್ಲರಿಗೂ ಇಷ್ಟವಾಯಿತು". ನೋಡಿದವರು ಯಾರು? ಗೆಳೆಯರು. ಗೆಳೆಯರು ಇನ್ನೇನು ಹೇಳುತ್ತಾರೆ! ಇಷ್ಟವಾಯಿತಾ ಅಂತ ಕೇಳಲೇಬೇಡಿ ಅಂತ ನಾನು ಹೇಳುತ್ತಿದ್ದೆ. ಟ್ರೈಲರ್ ಒಂದೇ ಸಲ ತೋರಿಸಿ. ಆಮೇಲೆ ಯಾವ ಚಾನೆಲ್, ಯಾವತ್ತಿನಿಂದ, ಆ ಹೆಂಗಸು ಆ ಹುಡುಗನಿಗೆ ಏನಾಗಬೇಕು ಅಂತ ಕೇಳಿ. ಉತ್ತರ ಬರದಿದ್ದರೆ ಟ್ರೈಲರಿನಲ್ಲಿ ಏನು ಬದಲಿಸಿದಿರಿ, ಅದನ್ನು ಬರೆಯಿರಿ.

ಎರಡನೆಯ ಪ್ರಶ್ನೆಗೆ "ಮೂರರಲ್ಲೂ ಒಂದೇ ಬಣ್ಣ, ಒಂದೇ ಅಕ್ಷರಶೈಲಿ ಇಟ್ಟೆವು" ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ಅದು ಬೇಕು, ಸಾಲದು. ಟ್ರೈಲರಿನಲ್ಲಿ ಜಗಳವಾಡಿದ ಅಣ್ಣತಮ್ಮ ಪೋಸ್ಟರಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದಾರಾ? ಪತ್ರಿಕೆಯ ಮುಖಪುಟ ಟ್ರೈಲರ್ ಬಿಟ್ಟುಕೊಡದ ಒಂದು ಸುಳಿವನ್ನು ಕೊಡುತ್ತಾ? ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಕ್ಕರೆ ಅದು ಪ್ರಚಾರ. ಇಲ್ಲದಿದ್ದರೆ ಒಂದೇ ಚಿತ್ರದ ಮೂರು ಪ್ರಿಂಟು.

"ಪ್ರಚಾರ ಗೆದ್ದರೆ ಸೀರಿಯಲ್ ಗೆಲ್ಲುತ್ತಾ?" ಅಂತಲೂ ಕೇಳುತ್ತಾರೆ. ಇಲ್ಲ. 1992ರ ಜುಲೈನಲ್ಲಿ ಬಿಬಿಸಿ ಎಲ್‌ಡೊರಾಡೊ ಅನ್ನುವ ಸೋಪನ್ನು ಭಾರೀ ಸದ್ದು ಮಾಡಿ ತಂದಿತು. ಸ್ಪೇನಿನ ಬಿಸಿಲು, ಅಲ್ಲಿ ನೆಲೆಸಿದ ಬ್ರಿಟಿಷರ ಕಥೆ. ಒಂದು ವರ್ಷಕ್ಕೆ ನಿಲ್ಲಿಸಿದರು. ಹುಡುಗರ ಪ್ರಾಜೆಕ್ಟಿನಲ್ಲಿ ಮಾತ್ರ ಸೋಪೇ ಇಲ್ಲ, ಬರೀ ಪ್ರಚಾರ. ಅದಕ್ಕೇ ಅಳೆಯೋದು ಸುಲಭ ಅಂತಲೂ ಹೇಳಬಹುದು.

ನಮ್ಮ ಜನ ತಪ್ಪದೆ ಕೇಳುವ ಉಪಪ್ರಶ್ನೆ ಇನ್ನೊಂದಿದೆ. "ನಮ್ಮ ಕನ್ನಡ ಸೀರಿಯಲ್ ಪ್ರೋಮೋಗೆ ನೀವು ಎಷ್ಟು ಕೊಡ್ತೀರಿ?" ಒಂದು ವಿಷಯಕ್ಕಂತೂ ಪೂರ್ತಿ ಅಂಕ. "ಇದೇ ಸೋಮವಾರದಿಂದ, ರಾತ್ರಿ 8ಕ್ಕೆ" ಅನ್ನುವುದನ್ನು ನಮ್ಮವರು ಯಾವತ್ತೂ ಮರೆಯಲ್ಲ. ಇಲ್ಲಿನ ಮಕ್ಕಳು ಅದನ್ನೇ ಮರೆಯುತ್ತಾರೆ.

ಒಮ್ಮೆ ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿನಿ ಅಜ್ಜಿಯ ಜೊತೆ ನೋಡಿದ ಧಾರಾವಾಹಿಗಳಿಂದ ಒಂದು ಪಟ್ಟನ್ನು ಕದ್ದು ತಂದಿದ್ದಳು. ಅದೇ, ಕೆಟ್ಟ ಸುದ್ದಿ ಕೇಳಿದ ಕೂಡಲೇ ಮನೆಯವರೆಲ್ಲರ ಮುಖಕ್ಕೂ ಒಂದೊಂದಾಗಿ ಕ್ಯಾಮೆರಾ ನುಗ್ಗುವುದು, ಪ್ರತಿ ಮುಖಕ್ಕೂ ಒಂದು ಸಿಡಿಲು. ಲೆಸ್ಟರ್‌ನ ಒಂದು ಬೀದಿಯ ಕಥೆ ಅವಳದ್ದು. ಆ ಪಟ್ಟನ್ನು ಅಜ್ಜಿಗೆ ಮಾತ್ರ ಇಟ್ಟಿದ್ದಳು, ಮೊಮ್ಮಕ್ಕಳನ್ನು ಇಲ್ಲಿನ ಸೋಪಿನ ಹಾಗೆ ಸದ್ದಿಲ್ಲದೆ ತೋರಿಸಿದ್ದಳು. ಜೊತೆಯವರು ನಕ್ಕರು. ಅವಳು ವಿಮರ್ಶೆಯಲ್ಲಿ ಬರೆದದ್ದು ಹೀಗೆ: ಅಜ್ಜಿ ಬದುಕುವುದು ಒಂದು ಟಿವಿಯಲ್ಲಿ, ಮಕ್ಕಳು ಇನ್ನೊಂದರಲ್ಲಿ, ಮನೆ ಮಾತ್ರ ಒಂದೇ. ರೂಢಿಯನ್ನು ಎಲ್ಲಿ ಪಾಲಿಸಿದಿರಿ, ಎಲ್ಲಿ ಮುರಿದಿರಿ ಅನ್ನುವ ಆ ಮೊದಲ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನಾನು ಓದಿಲ್ಲ. ಟ್ರೈಲರಿನ ಸಂಕಲನ ಅಲ್ಲಲ್ಲಿ ಒರಟಾಗಿತ್ತು, ಅಲ್ಲಿ ಕಳೆದೆ. ವಿಮರ್ಶೆಗೆ ಪೂರ್ತಿ ಕೊಟ್ಟೆ.

ಆ ಹಳೆಯ ಪಠ್ಯ 2018ಕ್ಕೆ ಮುಗಿಯಿತು. ಈಗ ಗುಂಪಿನಲ್ಲಿ ಮಾಡುವಂತಿಲ್ಲ, ಒಬ್ಬೊಬ್ಬರೇ ಮಾಡಬೇಕು, ವಿಷಯವನ್ನು ಮಂಡಳಿ ವರ್ಷ ವರ್ಷ ಬದಲಿಸುತ್ತೆ. ಒಟ್ಟು ಅಂಕದಲ್ಲಿ ಪ್ರಾಯೋಗಿಕ ಕೆಲಸಕ್ಕೆ ಶೇಕಡಾ 30, ಉಳಿದ 70 ಬರವಣಿಗೆಯ ಪರೀಕ್ಷೆಗೆ. ಇದನ್ನು ಕೇಳಿದ ಮೇಲೆ ಯುಗಾದಿ ಊಟದಲ್ಲಿ ಪಕ್ಕ ಕೂತವರಿಗೆ ಸ್ವಲ್ಪ ಸಮಾಧಾನವಾಗುತ್ತೆ.